ತೊಂಬತ್ತೊಂಬತ್ತನೇ ಹೋರಿ

ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಬಿಡುತ್ತಿರಲಿಲ್ಲ, ಅದಕ್ಕೆ ನಾನೇನು ಮಾಡಲಿ ಎಂದು ಸುಬ್ಬರಾಯಪ್ಪ ಬಸ್ಸು ಶ್ರೀನಿವಾಸಪುರ ಬಿಟ್ಟಾಗಿನಿಂದ ತನ್ನೊಳಗೇ ಜಗಳ ಆಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೆ ಎರಡು ಮಾತಿನಲ್ಲಿ ಬಾಯಿ ಮುಚ್ಚಿಸಿಬಿಡುತ್ತಿದ್ದ. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ತೊಡೆಯ ಮೇಲೆ ಹಳೆಯ ಹೊದಿಕೆಯಲ್ಲಿ ಸುತ್ತಿದ ಕಂಪ್ಯೂಟರ್ ಪೆಟ್ಟಿಗೆ ಇತ್ತು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದ. ಎದುರಿನಿಂದ ಮಾವಿನಕಾಯಿ ಲಾರಿಗಳು ದಾರಿ ಬಿಡದೆ ಬರುತ್ತಿದ್ದವು. ಬ್ರೇಕು ಬಿದ್ದಾಗ ಪೆಟ್ಟಿಗೆಯ ಮೂಲೆ ಹೊಟ್ಟೆಗೆ ತಿವಿಯುತ್ತಿತ್ತು. ಕಂಡಕ್ಟರ್ ಬಂದು, "ಏನಣ್ಣ, ಟಿವೀನಾ? ಮೇಲಕ್ಕೆ ಹಾಕ್ಸು" ಎಂದ. "ಮೇಲಕ್ಕೆ ಹಾಕೋಕೆ ಇದೇನು ಟೊಮೇಟೊ ಬಾಕ್ಸಾ? ನಲವತ್ತು ಸಾವಿರ ಹಸು ಅವೆ ಇದ್ರಲ್ಲಿ" ಎಂದು ಸುಬ್ಬರಾಯಪ್ಪ ಗದರಿದ. ಕಂಡಕ್ಟರ್ ಒಂದು ಕ್ಷಣ ಪೆಟ್ಟಿಗೆಯನ್ನು ನೋಡಿ, "ನಲವತ್ತು ಸಾವಿರಾನಾ? ಎಲ್ಲಕ್ಕೂ ಫುಲ್ ಟಿಕೆಟ್ಟೇ ತಗೋತೀಯೋ, ಕರುಗಳಿಗೆ ಅರ್ಧ ಹರೀಲೋ?" ಎಂದ. ಬಸ್ಸು ಪೂರಾ ನಕ್ಕಿತು. ಮುಂದಿನ ಸೀಟಿನ ಹೆಂಗಸು ತಿರುಗಿ ಅವನ ಮುಖ ನೋಡಿಕೊಂಡು ಇನ್ನೊಂದು ಸಲ ನಕ್ಕಳು. ಅವನು ಕಿಟಕಿಯ ಕಡೆ ತಿರುಗಿದ. ಬಾಯಿಗೆ ಬಂದ ಬೈಗುಳವನ್ನು ಬಸ್ಸು ಕೋಲಾರ ತಲುಪುವ ತನಕ ಒಳಗೊಳಗೇ ಅಗಿಯುತ್ತಿದ್ದ.

ಪೆಟ್ಟಿಗೆಯಲ್ಲಿ ನಲವತ್ತು ಸಾವಿರ ಹಸು ಇದ್ದದ್ದು ಸುಳ್ಳಲ್ಲ. ಹಸುಗಳ ತಳಿ ಸುಧಾರಿಸುವ ಸಂಘವೊಂದರ ಶ್ರೀನಿವಾಸಪುರ ಶಾಖೆಯಲ್ಲಿ ಅವನು ದಾಖಲೆ ಬರೆಯುವವನು. ಹಳ್ಳಿಯಲ್ಲಿ ಯಾರದಾದರೂ ಹಸು ಬೆದೆಗೆ ಬಂದರೆ ಸಂಘದವರು ಹೋರಿಯನ್ನು ಹೊಡೆದುಕೊಂಡು ಹೋಗುವುದಿಲ್ಲ. ನೈಟ್ರೋಜನ್ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿಟ್ಟ ವೀರ್ಯದ ಕಡ್ಡಿ ತೆಗೆದುಕೊಂಡು ಹೋಗಿ ಗಬ್ಬ ಕಟ್ಟಿಸುತ್ತಾರೆ. ಬೆಂಕಿಕಡ್ಡಿಗಿಂತ ಸಣ್ಣಗಿನ ಪ್ಲಾಸ್ಟಿಕ್ ಕೊಳವೆ. ಅದರ ಮೈಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹೋರಿಯ ನಂಬರು. ಇಂಜೆಕ್ಷನ್ ಮಾಡಿದವನು ಒಂದು ಚೀಟಿ ಬರೆಯಬೇಕು: ಹಸುವಿನ ಕಿವಿಯ ಓಲೆಯ ನಂಬರು, ಮನೆಯವರ ಹೆಸರು, ತಾರೀಕು, ಹೋರಿಯ ನಂಬರು, ಕೆಳಗೆ ತನ್ನ ಹೆಸರು. ಚೀಟಿಗಳು ಸುಬ್ಬರಾಯಪ್ಪನ ಮೇಜಿಗೆ ಬರುತ್ತಿದ್ದವು, ಅವನು ಕಂಪ್ಯೂಟರಿಗೆ ಹಾಕುತ್ತಿದ್ದ. ತೊಂಬತ್ತೈದರಿಂದ ಇಲ್ಲಿಯವರೆಗೆ, ಎಂಟು ವರ್ಷ. ಊರ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು ಹದಿನೈದು ದಿನದ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದು, ಇಂಗ್ಲಿಷ್ ಪುಸ್ತಕವನ್ನು ಅಕ್ಷರ ಕೂಡಿಸಿಕೊಂಡು ಓದಿ, ಫಾಕ್ಸ್‌ಪ್ರೋ ಎಂಬ ಭಾಷೆಯಲ್ಲಿ ದಾಖಲೆಯ ಪ್ರೋಗ್ರಾಂ ತಾನೇ ಬರೆದಿದ್ದ. ಸಂಘದಲ್ಲಿ ಅದನ್ನು ಎಲ್ಲರೂ ಸುಬ್ಬರಾಯಪ್ಪನ ಪ್ರೋಗ್ರಾಂ ಎಂದೇ ಕರೆಯುತ್ತಿದ್ದರು. ಹೋರಿ ನಂಬರು ಖಾಲಿ ಬಿಟ್ಟರೆ ಕೀಂಯ್ ಎಂದು ಕಿರುಚಿಕೊಂಡು ಅಲ್ಲೇ ನಿಂತುಬಿಡುವ ಹಾಗೆ ಅದನ್ನು ಮಾಡಿದವನೂ ಅವನೇ. ಆಗ ಅದರ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ನೋಡಿ, ನನ್ನ ಯಂತ್ರ ಅರ್ಧಂಬರ್ಧ ಕೆಲಸ ಒಪ್ಪೋದಿಲ್ಲ ಎಂದು ಎಲ್ಲರ ಮುಂದೆ ಹೇಳಿದ್ದ. ಖಾಲಿ ಚೀಟಿ ಮೊದಲ ಸಲ ಬಂದ ದಿನ ಅದು ಕಿರುಚಿತು. ಅವನು ಎಂಟರ್ ಒತ್ತಿದ, ಮತ್ತೆ ಕಿರುಚಿತು. ಮೇಜಿನ ಮೇಲೆ ಇನ್ನೂ ಇನ್ನೂರು ಚೀಟಿ ಇದ್ದವು. ಬೆರಳು ಒಂಬತ್ತರ ಮೇಲೆ ಇತ್ತು, ಎರಡು ಸಲ ಒತ್ತಿದ. ತೊಂಬತ್ತೊಂಬತ್ತು. ಯಂತ್ರ ಸುಮ್ಮನಾಯಿತು. ಅಳುವ ಮಗುವಿನ ಬಾಯಿಗೆ ಏನನ್ನೋ ತುರುಕಿದ ಹಾಗೆ ಅನ್ನಿಸಿತ್ತು ಅವತ್ತು. ಆಮೇಲೆ ಏನೂ ಅನ್ನಿಸಲಿಲ್ಲ.

ಕೋಲಾರದ ಕೇಂದ್ರ ಕಚೇರಿಯಲ್ಲಿ ಸರ್ವರ್ ಎಂಬುದನ್ನು ಗಾಜಿನ ಕೋಣೆ ಕಟ್ಟಿಸಿ ಇಟ್ಟಿದ್ದರು. ಇಂಥದೇ ಒಂದು ಪೆಟ್ಟಿಗೆ, ಸ್ವಲ್ಪ ಎತ್ತರ, ಅಷ್ಟೆ. ಅದಕ್ಕೆ ಏಸಿ, ಮನುಷ್ಯರಿಗೆ ಫ್ಯಾನು. ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು. ಮಾಲೂರು, ಮುಳಬಾಗಿಲು ಶಾಖೆಗಳ ದಾಖಲೆ ಹೋದ ವಾರವೇ ಅದರೊಳಗೆ ಹೋಗಿಯಾಗಿತ್ತು, ಇವತ್ತು ಶ್ರೀನಿವಾಸಪುರದ ಸರದಿ. ಕೆಲಸ ವಹಿಸಿಕೊಂಡ ಕಂಪನಿಯಿಂದ ಬಂದಿದ್ದವಳು ವಿಭಾ ಎಂಬ ಮುಳಬಾಗಿಲಿನ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ವರ್ಷ ಇರಬಹುದು. ಅವನ ಪೆಟ್ಟಿಗೆಯ ಗಂಟು ಬಿಚ್ಚಿ, ತಂತಿ ಸಿಕ್ಕಿಸಿ, ಪರದೆಯ ಮೇಲೆ ಅವನ ಪ್ರೋಗ್ರಾಂ ಬಂದಾಗ, "ಇದು ನೀವೇ ಬರೆದಿದ್ದಾ ಸರ್? ಚೆನ್ನಾಗಿದೆ" ಎಂದಳು. ನಿಜವಾಗಿಯೇ ಹೇಳಿದಳೋ, ಮುದುಕರಿಗೆ ಹೇಳುವ ಹಾಗೆ ಹೇಳಿದಳೋ ಅವನಿಗೆ ತಿಳಿಯಲಿಲ್ಲ. "ಹೊಸದ್ರಲ್ಲಿ ಏನು ಹೆಚ್ಚು?" ಎಂದು ಕೇಳಿದ, ಸ್ವಲ್ಪ ಒರಟಾಗಿ. ಅವಳು ಕೀಲಿ ಒತ್ತುತ್ತಲೇ, "ನಿಮ್ಮದು ನೀವು ಏನು ಹೇಳಿದ್ರೂ ನಂಬ್ಕೊಳ್ಳತ್ತೆ ಸರ್. ಇದು ನಂಬಲ್ಲ, ಪಕ್ಕದವರನ್ನ ಕೇಳಿ ನೋಡತ್ತೆ" ಎಂದಳು. ಹಸುಗಳ ಪಟ್ಟಿ, ಹೋರಿಗಳ ಪಟ್ಟಿ, ಚೀಟಿಗಳ ಪಟ್ಟಿ ಇವು ಅವನ ಯಂತ್ರದಲ್ಲಿ ಒಂದರ ಮುಖ ಒಂದು ನೋಡದೆ ಕೂತಿದ್ದವು. ಇಲ್ಲಿ ಒಂದಕ್ಕೊಂದು ಹಗ್ಗ ಹಾಕಿ ಕಟ್ಟುತ್ತಾರಂತೆ. ಚೀಟಿಯಲ್ಲಿ ಒಂದು ಹೋರಿಯ ಹೆಸರು ಬಂದರೆ ಸರ್ವರ್ ಹೋರಿಗಳ ಪಟ್ಟಿಗೆ ಹೋಗಿ, ಇವನು ಇದ್ದಾನಾ, ಯಾವಾಗ ಹುಟ್ಟಿದ, ಬದುಕಿದ್ದಾನಾ ಎಂದು ವಿಚಾರಿಸಿಕೊಂಡು ಬರುತ್ತದಂತೆ. ಸುಬ್ಬರಾಯಪ್ಪನಿಗೆ ಏಸಿಯ ಗಾಳಿ ಬೆನ್ನಿಗೆ ಬಡಿಯುತ್ತಿತ್ತು. ಬರಿಗಾಲು ನೆಲದ ಮೇಲೆ ತಣ್ಣಗಾಗುತ್ತಿತ್ತು.

ಹೋರಿ ಸುಳ್ಳಾಗಿರಲಿಲ್ಲ, ಅದೇ ತಮಾಷೆ. ತೊಂಬತ್ತೊಂಬತ್ತು ಎಂಬ ಹೋರಿ ಇತ್ತು. ಸಂಘ ಸೇರಿದ ಹೊಸದರಲ್ಲಿ, ಕಂಪ್ಯೂಟರ್ ಬರುವುದಕ್ಕೂ ಮೊದಲು, ಹೋರಿ ಕೇಂದ್ರಕ್ಕೆ ತರಬೇತಿಗೆ ಹೋದಾಗ ಅವನೂ ರಾಯಲ್ಪಾಡಿನಲ್ಲಿ ಇಂಜೆಕ್ಷನ್ ಮಾಡುತ್ತಿದ್ದ ಶ್ರೀರಾಮಪ್ಪನೂ ಅದನ್ನು ಕಣ್ಣಾರೆ ನೋಡಿದ್ದರು. ಕಪ್ಪು ಮೈ, ಹಣೆಯ ಮೇಲೆ ವೀಳ್ಯದೆಲೆಯಷ್ಟು ಬಿಳಿ. ಶ್ರೀರಾಮಪ್ಪ ಬೇಲಿಯೊಳಗೆ ಕೈ ಹಾಕಿ ಆ ಬಿಳಿಯ ಮೇಲೆ ಸವರಿ, "ಏಮ್ರಾ ಅಲ್ಲುಡಾ, ಹೇಗಿದೀಯ ಅಳಿಯಾ" ಎಂದು ಮಾತಾಡಿಸಿದ್ದ. ಅದು ಸತ್ತದ್ದು ತೊಂಬತ್ತಮೂರರಲ್ಲಿ. ಅದರ ಕಡ್ಡಿಗಳು ಒಂದು ವರ್ಷ ಇದ್ದವು, ಆಮೇಲೆ ರಾಯಲ್ಪಾಡಿನ ಕ್ಯಾನಿಗೆ ನೈಟ್ರೋಜನ್ ತುಂಬಿಸುವುದನ್ನು ಇಬ್ಬರೂ ಮರೆತು, ಮುಚ್ಚಳ ತೆಗೆದರೆ ಒಳಗೆ ಬರೀ ಬಿಸಿ ಗಾಳಿ. ಮುನ್ನೂರು ಕಡ್ಡಿ ಹಾಳು. ಇಬ್ಬರೂ ಸೇರಿ ಹೊಂಗೆ ಮರದ ಬುಡದಲ್ಲಿ ಹೂತು, ಪುಸ್ತಕದಲ್ಲಿ ಮುಗಿಯಿತು ಎಂದು ಬರೆದಿದ್ದರು. ಆವತ್ತು ಶ್ರೀರಾಮಪ್ಪನ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಉಂಡು, ಕಳ್ಳರ ಹಾಗೆ ನಗುತ್ತ ಅರ್ಧ ರಾತ್ರಿ ಜಗಲಿಯ ಮೇಲೆ ಕೂತಿದ್ದರು. ಅಂಥ ನಗು ಆಮೇಲೆ ಅವನಿಗೆ ಬಂದ ನೆನಪಿಲ್ಲ.

"ಸರ್." ವಿಭಾ ಕರೆಯುತ್ತಿದ್ದಳು. "ನಾಲ್ಕು ಸಾವಿರದ ಮುನ್ನೂರ ಹನ್ನೊಂದು ಸಾಲು ಒಳಗೆ ಹೋಗ್ತಿಲ್ಲ. ಎಲ್ಲಾ ಒಂದೇ ಹೋರಿ. ಇದು ತೊಂಬತ್ಮೂರರಲ್ಲಿ ಸತ್ತಿದೆ ಅಂತಿದೆ, ಹೋದ ವಾರ ಕೂಡ ಇದರದ್ದು ಎಂಟ್ರಿ ಆಗಿದೆ." ಬಾಗಿಲಲ್ಲಿ ನಿಂತಿದ್ದ ಕೋಲಾರದ ಇಂಜೆಕ್ಷನ್ನಿನವರು ಇಬ್ಬರು ತಲೆ ಒಳಗೆ ಹಾಕಿದರು. ಒಬ್ಬ, "ಸತ್ತ್ಮೇಲೂ ಬಿಟ್ಟಿಲ್ವಲ್ಲಪ್ಪ, ಏನ್ ಗಂಡಸು" ಎಂದ. ಇನ್ನೊಬ್ಬ, "ಸುಬ್ಬರಾಯಪ್ಪನ ಯಂತ್ರ ಕಣ್ಲಾ ಅದು, ತಪ್ಪು ಒಪ್ಪಲ್ಲ. ಹೋರೀನೇ ಎದ್ದು ಬಂದಿರಬೇಕು" ಎಂದ. ಅವನದೇ ಮಾತನ್ನು ಅವನದೇ ದನಿಯಲ್ಲಿ ಆಡಿ ತೋರಿಸಿದ್ದ. ಅಷ್ಟರಲ್ಲಿ ವಿಭಾ ತಾನೇ ದಾರಿ ಮಾಡಿಕೊಟ್ಟಳು. "ಅಯ್ಯೋ, ಕಡ್ಡಿ ಫ್ರೀಜ್ ಮಾಡಿದ್ರೆ ಎಷ್ಟು ವರ್ಷ ಬೇಕಾದ್ರೂ ಇರತ್ತಲ್ವಾ ಸರ್? ಹೋರಿ ಸತ್ತ ಮೇಲೂ ಉಪಯೋಗಿಸಬಹುದಲ್ವಾ?" ಎಲ್ಲರೂ ಅವನ ಕಡೆ ನೋಡಿದರು. "ಹೂಂ" ಎಂದ. ಒಂದೇ ಅಕ್ಷರ. ಅವಳು ಸತ್ತ ದಿನದ ನಿಯಮವನ್ನು ಸಡಿಲ ಮಾಡಿ ಮತ್ತೆ ಒತ್ತಿದಳು. ನಾಲ್ಕು ಸಾವಿರದ ಮುನ್ನೂರ ಹನ್ನೊಂದೂ ಗಂಟಲಲ್ಲಿ ನೀರು ಇಳಿದ ಹಾಗೆ ಇಳಿದುಹೋದವು. ಎಂಟು ವರ್ಷದ ಸುಳ್ಳು ಒಂದೇ ಅಕ್ಷರದಲ್ಲಿ ಸಕ್ರಮವಾದದ್ದಕ್ಕೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಈ ಹುಡುಗಿಯ ಮುಂದೆ ಸಣ್ಣವನಾದೆ ಎಂದು, ಯಾಕೋ ಅವಳ ಮೇಲೇ ಸಿಟ್ಟು ಬಂತು.

ಕಚೇರಿಯ ಮುಖ್ಯಸ್ಥೆ ಅನಂತಲಕ್ಷ್ಮಿ ಮೇಡಂ ಹನ್ನೆರಡಕ್ಕೆ ಬಂದರು. ಒಳ್ಳೆಯವರು, ಮಾತು ಕಮ್ಮಿ, ಕೆಲಸದಲ್ಲಿ ಕಟ್ಟುನಿಟ್ಟು. ಪ್ರಿಂಟರಿನಿಂದ ಮಡಿಕೆ ಮಡಿಕೆಯಾಗಿ ಕಾಗದ ಬರುವುದನ್ನು ನೋಡಿ ಅವರ ಮುಖ ಅರಳಿತು. "ನೋಡ್ರಿ ಸುಬ್ಬರಾಯಪ್ಪ, ಇದಕ್ಕೇ ನಾನು ಹೊಡೆದಾಡಿದ್ದು. ಇನ್ನು ಮೇಲೆ ಯಾವ ಊರಿಗೆ ಯಾವ ಹೋರಿ ಕಡ್ಡಿ ಕಳಿಸಬೇಕು ಅಂತ ಯಾರೂ ತಲೆ ಕೆಡಿಸಿಕೊಳ್ಳೋ ಹಾಗಿಲ್ಲ. ಹಸುವಿನ ಅಪ್ಪ ಯಾರು ಅಂತ ಅದೇ ನೋಡಿ, ಬೇರೆ ಹೋರಿ ಆರಿಸಿಕೊಡತ್ತೆ." ಅವರು ಹರಿದು ಕೊಟ್ಟ ಕಾಗದವನ್ನು ಅವನು ತೆಗೆದುಕೊಂಡ. ರಾಯಲ್ಪಾಡು. ಆರುನೂರ ಹನ್ನೆರಡು ಹಸು. ತಂದೆ: ೯೯. ಕಳಿಸಬೇಕಾದದ್ದು: ೨೧೪. ಕಾಗದದ ಮೊದಲ ಸಾಲಿನಲ್ಲೇ ಮುನಿಗಂಗಮ್ಮನ ಹೆಸರು.

ಇನ್ನೂರ ಹದಿನಾಲ್ಕನೇ ನಂಬರಿನದು ಜರ್ಸಿ ಹೋರಿ, ಕಂದು ಬಣ್ಣದ್ದು. ರಾಯಲ್ಪಾಡಿನ ಕ್ಯಾನಿನಲ್ಲಿ ನಾಲ್ಕೈದು ಹೋರಿಗಳ ಕಡ್ಡಿ ಬೆರೆತಿರುತ್ತಿದ್ದವು, ಆದರೆ ವರ್ಷಗಟ್ಟಲೆ ಹೆಚ್ಚು ಹೋದದ್ದು ಅದೇ. ಅಂದರೆ ಈ ಆರುನೂರು ಹಸುಗಳಲ್ಲಿ ಅರ್ಧಕ್ಕರ್ಧ ಅದರ ಮಕ್ಕಳು. ಈಗ ಸರ್ವರ್ ಲೆಕ್ಕ ಹಾಕಿ, ಕಾಗದದ ಮೇಲೆ ಅಚ್ಚು ಹಾಕಿ, ಮಗಳನ್ನು ಅಪ್ಪನಿಗೇ ಕಟ್ಟುತ್ತಿತ್ತು. ಅಂಥ ಕರು ಒಂದನ್ನು ಅವನು ಎಲ್ಲೋ ನೋಡಿದ್ದ. ಮೊಲೆ ಚೀಪಲು ತಲೆ ಎತ್ತಲಾರದೆ ಮೂರು ದಿನ ಇದ್ದು ಸತ್ತಿತ್ತು. ಎರಡು ವರ್ಷದ ಹಿಂದೆ ಮುನಿಗಂಗಮ್ಮ ಹಸುವಿನ ಕಾರ್ಡು ಹಿಡಿದು ಶ್ರೀನಿವಾಸಪುರಕ್ಕೆ ಬಂದಿದ್ದಳು. "ಸಾಮೀ, ನಮ್ ಕಡಸಿನ ಅಪ್ಪ ಯಾರು ಅಂತ ಹೇಳಿ. ಹುಟ್ಟಿದ ಮೇಲೆ ಗೊತ್ತಿರ್ಬೇಕಲ್ಲ" ಎಂದು ಕೇಳಿದ್ದಳು. ಅವನು ಕೀಲಿ ಒತ್ತಿ, ತೊಂಬತ್ತೊಂಬತ್ತು ಎಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಯಾರೂ ಮಾತಾಡಿಸದ ಮಧ್ಯಾಹ್ನ ಅದು. ಒಬ್ಬಳು ಬಂದು ಕೂತು ಕೇಳುತ್ತಿದ್ದಾಳೆ ಎಂದು ಅವನಿಗೆ ಹುಮ್ಮಸ್ಸು ಬಂದು, ಕಪ್ಪು ಮೈ, ಹಣೆಯ ಮೇಲೆ ಬಿಳಿ, ನಾನೇ ಮುಟ್ಟಿ ನೋಡಿದೀನಿ ಎಂದೆಲ್ಲ ವರ್ಣಿಸಿದ್ದ. ಮುಟ್ಟಿದ್ದು ಅವನಲ್ಲ, ಶ್ರೀರಾಮಪ್ಪ. ಅವಳು ಕೇಳಿಸಿಕೊಂಡು, "ನಮ್ ಹಸು ಕಂದು ಕರು ಹಾಕೈತೆ. ಇರ್ಲಿ ಬಿಡಿ, ತಾಯಿ ಮೇಲೆ ಹೋಗೈತೇನೋ" ಎಂದು, ಬಾಳೆಎಲೆಯಲ್ಲಿ ಸುತ್ತಿ ತಂದಿದ್ದ ಗಿಣ್ಣನ್ನು ಮೇಜಿನ ಮೇಲೆ ಇಟ್ಟು ಹೋದಳು. ಆ ಗಿಣ್ಣನ್ನು ಅವನು ತಿಂದ. ಚೆನ್ನಾಗಿತ್ತು.

ಊಟದ ಹೊತ್ತಿಗೆ ಕಚೇರಿಯವರೆಲ್ಲ ಒಳಗಿನ ವರಾಂಡದಲ್ಲಿ ಡಬ್ಬಿ ಬಿಚ್ಚಿ ಕೂತರು. ವಿಭಾ, "ಬನ್ನಿ ಸರ್" ಎಂದಳು. "ಹೊರಗೆ ಕೆಲಸ ಇದೆ" ಎಂದು ಅವನು ಎದ್ದ. ಕೆಲಸ ಇರಲಿಲ್ಲ. ನಾಲ್ಕು ಜನ ಕೂತು ಉಣ್ಣುವ ಕಡೆ ಹೇಗೆ ಕೂರಬೇಕೆಂಬುದೇ ಅವನಿಗೆ ಮರೆತುಹೋಗಿತ್ತು. ಶ್ರೀನಿವಾಸಪುರದಲ್ಲಿ ಕಚೇರಿಯ ಹಿಂದಿನ ಕೋಣೆಯಲ್ಲೇ ಅವನ ವಾಸ. ಹೆಂಡತಿ ಟೇಕಲ್ಲಿನಲ್ಲಿ ಅಣ್ಣನ ಮನೆ ಸೇರಿ ಆರು ವರ್ಷ, ಹೋಗುವಾಗ ಅವಳು ಜಗಳವನ್ನೂ ಆಡಲಿಲ್ಲ, "ನಿಮ್ ಹತ್ರ ಏನಂದ್ರೂ ತಪ್ಪೇ. ಸುಮ್ನಿದ್ರೂ ತಪ್ಪೇ. ನಾ ಎಲ್ಲಿಗಾದ್ರೂ ಹೋಗ್ತೀನಿ" ಎಂದಿದ್ದಳು. ಅವಳು ಸುಮ್ಮನಿದ್ದಾಗಲೆಲ್ಲ ಅವಳ ಮನಸ್ಸಿನಲ್ಲಿ ಇಂಥದೇ ಇದೆ ಎಂದು ತಾನೇ ಊಹಿಸಿಕೊಂಡು ಅದಕ್ಕೆ ಉತ್ತರ ಕೊಟ್ಟು ಕಿರುಚಾಡುತ್ತಿದ್ದುದು ಅವನಿಗೆ ಈಗ ಬಿಸಿಲಿನಲ್ಲಿ ನಡೆಯುತ್ತ ನೆನಪಾಯಿತು. ಅದೇ ವರ್ಷ, ತೊಂಬತ್ತೇಳರ ತಿಂಗಳ ಸಭೆಯಲ್ಲಿ, ಎಲ್ಲ ಹಳ್ಳಿಯವರ ಮುಂದೆ ಶ್ರೀರಾಮಪ್ಪನ ಚೀಟಿಗಳನ್ನು ಎತ್ತಿ ಹಿಡಿದು ಒಂದೊಂದಾಗಿ ಓದಿದ್ದ. "ಹೋರಿ ನಂಬರ್ ಖಾಲಿ. ಇದೂ ಖಾಲಿ. ಇದೂ ಖಾಲಿ. ಏನ್ಲಾ, ಕಣ್ಣು ಕಾಣ್ದಿದ್ರೆ ಮನೇಲಿ ಬಿದ್ಕೋ, ಸಂಘದ ಸಂಬಳ ಯಾಕೆ?" ಶ್ರೀರಾಮಪ್ಪನಿಗೆ ಕಣ್ಣಿನ ಪೊರೆ ಎರಡು ವರ್ಷದಿಂದ ಬೆಳೆಯುತ್ತಿತ್ತು, ಮಂಜು ಹಿಡಿದ ಕಡ್ಡಿಯ ಮೇಲಿನ ಸಣ್ಣ ಅಕ್ಷರ ಒಳ್ಳೆಯ ಕಣ್ಣಿಗೇ ಕಾಣುವುದು ಕಷ್ಟ. ಅವನು ಎದ್ದು ನಿಂತು, "ಕನಪಡಲೇದು ಸುಬ್ಬಾ. ಕಾಣ್ಲಿಲ್ಲ. ಕಾಣ್ದೇ ಇರೋದನ್ನ ಕಾಣ್ತು ಅಂತ ಹೆಂಗ್ ಬರೀಲಿ?" ಎಂದಿದ್ದ. ಎಲ್ಲರೂ ನಕ್ಕಿದ್ದರು, ಸುಬ್ಬರಾಯಪ್ಪ ಎಲ್ಲರಿಗಿಂತ ಜೋರಾಗಿ. ಅವತ್ತಿನಿಂದ ಶ್ರೀರಾಮಪ್ಪ ಅವನ ಮೇಜಿನ ಹತ್ತಿರ ಬರಲಿಲ್ಲ. ಚೀಟಿಗಳನ್ನು ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದ, ಖಾಲಿ ಬಿಟ್ಟದ್ದನ್ನು ಖಾಲಿ ಬಿಟ್ಟೇ. ಎರಡು ವರ್ಷದ ಹಿಂದೆ ನಿವೃತ್ತನಾದ. ಸನ್ಮಾನಕ್ಕೆ ಸುಬ್ಬರಾಯಪ್ಪ ಹೋಗಲಿಲ್ಲ, ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿ ಕಳಿಸಿದ. ಅದಕ್ಕೆ ಏನೂ ಆಗಿರಲಿಲ್ಲ. ಶ್ರೀರಾಮಪ್ಪನ ಜಾಗಕ್ಕೆ ಬಂದವರೂ ಆಗಾಗ ಖಾಲಿ ಬಿಡುತ್ತಿದ್ದರು. ಬೆರಳಿಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ಎಸ್‌ಟಿಡಿ ಬೂತಿನ ಮುಂದೆ ನಿಂತಾಗ ರಾಯಲ್ಪಾಡಿನ ಅಂಗಡಿಯ ನಂಬರು ತಾನಾಗಿ ನಾಲಿಗೆಗೆ ಬಂತು. ಆರು ವರ್ಷದಿಂದ ಒಂದು ಸಲವೂ ಮಾಡಿರಲಿಲ್ಲ. ಅಂಗಡಿಯವನು, ಪಕ್ಕದ ಮನೇನೇ, ಹತ್ತು ನಿಮಿಷ ಬಿಟ್ಟು ಮಾಡಿ, ಕರೆಸಿರ್ತೀನಿ ಎಂದ. ಆ ಹತ್ತು ನಿಮಿಷ ಅವನು ಬೂತಿನ ಗಾಜಿನೊಳಗೆ ಬೆವರುತ್ತ, ಬೇಡ ಎಂದು ಎರಡು ಸಲ ಹೊರಗೆ ಬಂದು, ಎರಡು ಸಲ ಒಳಗೆ ಹೋದ. ಶ್ರೀರಾಮಪ್ಪ ಏನು ಹೇಳಬೇಕೆಂದು ತಾನು ಬಯಸುತ್ತಿದ್ದೇನೆ ಎನ್ನುವುದು ಅವನಿಗೆ ಗೊತ್ತಿತ್ತು: ಎಲ್ಲೋ ಇನ್ನೊಂದು ಕ್ಯಾನಿನಲ್ಲಿ ಆ ಕಡ್ಡಿ ಉಳಿದಿತ್ತು ಕಣೋ, ನಾನು ಅದನ್ನೇ ಹಾಕಿದ್ದೆ ಎಂದುಬಿಡಲಿ. ಹಾಗೆ ಅಂದುಬಿಟ್ಟರೆ ಎಲ್ಲವೂ ನಿಜವಾಗಿಬಿಡುತ್ತದೆ.

"ಎವರು, ಯಾರು?" ಎಂದಿತು ದನಿ.

"ನಾನು. ಸುಬ್ಬರಾಯ."

"ಯಾರು ಸತ್ರು?"

"ಯಾರೂ ಸತ್ತಿಲ್ಲ."

"ಮತ್ತೆ ನೀನ್ಯಾಕೆ ಫೋನ್ ಮಾಡಿದ್ದು?"

"ತೊಂಬತ್ತೊಂಬತ್ತರ ಕಡ್ಡಿ... ನಿನ್ ಹತ್ರ ಆಮೇಲೆ ಏನಾದ್ರೂ ಉಳ್ದಿತ್ತಾ?"

"ತಲೆ ಕೆಟ್ಟಿದೆಯಾ ನಿಂಗೆ? ಹೊಂಗೇಮರದ ಬುಡಕ್ಕೆ ಹೂತಿದ್ದು ಮರ್ತ್ಯಾ? ಗುಂಡಿ ತೋಡಿದ್ದೇ ನೀನು. ಒಂದೂ ಉಳೀಲಿಲ್ಲ."

ಸುಬ್ಬರಾಯಪ್ಪ ಗಾಜಿನ ಮೇಲೆ ಅಂಟಿಸಿದ ದರದ ಪಟ್ಟಿಯನ್ನು ನೋಡುತ್ತ, "ನೀನು ಖಾಲಿ ಬಿಟ್ಟ ಚೀಟಿಗೆಲ್ಲ ನಾನು ಆ ನಂಬರ್ ಹಾಕಿದೀನಿ" ಎಂದ. ಮಾತು ತನ್ನ ಬಾಯಿಂದ ಇಷ್ಟು ಸುಲಭವಾಗಿ ಬಂದದ್ದು ಅವನಿಗೇ ಆಶ್ಚರ್ಯ.

"ಏ ಚೀಟೀಕಿ? ಯಾವ ಚೀಟಿಗೆ?"

"ಎಲ್ಲಕ್ಕೂ."

"ಎನ್ನಿ? ಎಷ್ಟು?"

"ನಿಂದೇ ಎರಡು ಸಾವಿರದ ಮೇಲಿದೆ."

ಅಂಗಡಿಯಲ್ಲಿ ಯಾರೋ ತಕ್ಕಡಿಗೆ ಕಲ್ಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ಶ್ರೀರಾಮಪ್ಪ, ಬಹಳ ನಿಧಾನವಾಗಿ, "ಆ ನಂಬರ್ ಪಕ್ಕ ನನ್ ಹೆಸ್ರು ಐತಾ?" ಎಂದು ಕೇಳಿದ.

"ಐತೆ."

"ಚೀಟಿ ತಿರುಗಿಸಿ ನೋಡ್ಲಿಲ್ವಾ ನೀನು?"

"ಏನು?"

"ಚೀಟಿ ಹಿಂದೆ. ಪ್ರತಿ ಚೀಟಿ ಹಿಂದೇನೂ ಬರ್ದಿದ್ದೆನಲ್ಲೋ, ಕಡ್ಡಿ ಸೂರಿನಲ್ಲಿದೆ ಅಂತ. ನಂಗೆ ಓದೋಕಾಗ್ದಿದ್ರೆ ಕಡ್ಡಿ ಬಿಸಾಕ್ತಿರ್ಲಿಲ್ಲ. ಅದೇ ಕೊಟ್ಟಿಗೆ ಸೂರಿಗೆ ಸಿಕ್ಕಿಸಿ ಬರ್ತಿದ್ದೆ, ಯಾವ ಹಸೂದು ಅಂತ ದಾರ ಕಟ್ಟಿ. ಕಣ್ಣಿರೋನು ಯಾರಾದ್ರೂ ಬಂದು ಓದ್ಕೊಳ್ಳಲಿ ಅಂತ. ಯಾರಾದ್ರೂ ಏನು, ನೀನೇ ಬರ್ತೀಯ ಅಂತಿದ್ದೆ." ದನಿ ಏರಿತು. ಈ ಮನುಷ್ಯ ಕೂಗಿದ್ದನ್ನು ಸುಬ್ಬರಾಯಪ್ಪ ಕೇಳಿದ್ದು ಇದೇ ಮೊದಲು. "ಅಬದ್ಧ ಬರೀಬಾರ್ದು ಅಂತ ಅಲ್ವೇನೋ ನಾನು ಎಲ್ರ ಮುಂದೆ ನಿನ್ ಕೈಲಿ ಉಗಿಸ್ಕೊಂಡಿದ್ದು! ಅದನ್ನ ನನ್ ಹೆಸ್ರಲ್ಲೇ ಬರ್ದ್ಯಾ? ತೆಗಿ. ನನ್ ಹೆಸ್ರು ಅಲ್ಲಿಂದ ತೆಗಿ." ಫೋನು ಕಟ್ಟಾಯಿತು.

ಚೀಟಿಗಳ ಮುಂಬದಿಗೆ ಪೆನ್ನಿನ ಒತ್ತು ಉಬ್ಬಿಕೊಂಡು ಬಂದಿರುತ್ತಿತ್ತು. ಅದನ್ನು ಅವನು ನೋಡಿದ್ದ. ಬೆರಳಿಗೆ ತಗುಲುತ್ತಿತ್ತು ಕೂಡ. ಹಿಂದೆ ಏನೋ ಗೀಚಿದ್ದಾನೆ, ನನ್ನನ್ನು ಬೈದು ಬರೆದಿರಬೇಕು, ಓದುವುದಿಲ್ಲ ಹೋಗು ಎಂದುಕೊಂಡು ಕಂಬಿಗೆ ಚುಚ್ಚಿ ಬಿಡುತ್ತಿದ್ದ. ರಾಯಲ್ಪಾಡಿಗೆ ದಿನಕ್ಕೆ ನಾಲ್ಕು ಬಸ್ಸಿದ್ದವು.

ಗಾಜಿನ ಕೋಣೆ ಬಿಟ್ಟ ಹಾಗೇ ಇತ್ತು. ಇಂಜೆಕ್ಷನ್ನಿನವರಿಬ್ಬರೂ ಅಲ್ಲೇ ಬೆಂಚಿನ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ಅವನು ಸ್ವಲ್ಪ ಹೊತ್ತು ಕಾದ, ಹೋಗಲಿಲ್ಲ. ಹಾಳಾಗಿ ಹೋಗಲಿ ಎಂದು ಅವರ ಮುಂದೆಯೇ ಹೇಳಿದ. "ಮೇಡಂ, ಆ ತೊಂಬತ್ತೊಂಬತ್ತು ಎಲ್ಲಾ ಸುಳ್ಳು. ಕಡ್ಡಿ ಯಾವುದು ಅಂತ ಗೊತ್ತಿಲ್ಲದೆ ನಾನು ಹಾಕಿದ್ದು. ಇಂಜೆಕ್ಷನ್ ಮಾಡಿದೋರದ್ದು ಏನೂ ತಪ್ಪಿಲ್ಲ. ಈಗ ಪ್ರಿಂಟ್ ಆಗಿರೋ ಹಾಗೆ ಕಡ್ಡಿ ಕಳಿಸಿದ್ರೆ ರಾಯಲ್ಪಾಡಲ್ಲಿ ಅಪ್ಪಂಗೇ ಮಗಳನ್ನ ಕಟ್ಟಿದ ಹಾಗಾಗತ್ತೆ." ಅನಂತಲಕ್ಷ್ಮಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಬೈಯುತ್ತಾರೆ ಎಂದು ಅವನು ಕಾದ. ಬೈದರೆ ತಿರುಗಿ ಬೈಯಬಹುದಿತ್ತು, ಅದೊಂದು ದಾರಿ ಅವನಿಗೆ ಗೊತ್ತಿತ್ತು. ಅವರು ಬೈಯಲಿಲ್ಲ. "ಎಂಟು ವರ್ಷ ಇದರ ಮೇಲೆ ವರದಿ ಕಳಿಸಿದೀನಿ ನಾನು. ನನ್ನ ಸಹಿ ಹಾಕಿ" ಎಂದರು. ಬೆಂಚಿನ ಮೇಲಿದ್ದವರು ಅಗಿಯುವುದನ್ನು ನಿಲ್ಲಿಸಿದ್ದರು. ನಗುತ್ತಾರೆ ಎಂದುಕೊಂಡಿದ್ದ, ಅವರು ನೆಲ ನೋಡುತ್ತಿದ್ದರು, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು.

ವಿಭಾಳ ಕಡೆ ತಿರುಗಿ ಕೇಳಿದ. "ಆ ನಂಬರ್ ತೆಗೆದು ಏನು ಹಾಕೋದು?"

"ಏನೂ ಹಾಕೋದು ಬೇಡ ಸರ್. ಗೊತ್ತಿಲ್ಲ ಅಂದ್ರೆ ಖಾಲಿ ಬಿಡಬಹುದು."

"ಬಿಡತ್ತಾ ಅದು?"

"ಬಿಡತ್ತೆ. ಸೊನ್ನೆ ಬೇರೆ, ಗೊತ್ತಿಲ್ಲ ಅನ್ನೋದು ಬೇರೆ, ಎರಡಕ್ಕೂ ಇದರಲ್ಲಿ ಜಾಗ ಇದೆ. ಅಪ್ಪ ಗೊತ್ತಿಲ್ಲದ ಹಸುವಿಗೆ ಇದು ತಾನಾಗಿ ಹೋರಿ ಆರಿಸಲ್ಲ. ಕೇಳತ್ತೆ." ಅವಳು ಒಂದು ಸಾಲು ಬರೆದು, ಬೆರಳನ್ನು ಕೀಲಿಯ ಮೇಲೆ ಇಟ್ಟು, ಮೇಡಮ್ಮಿನ ಮುಖ ನೋಡಿದಳು. ಅವರು ತಲೆ ಆಡಿಸಿದರು. ಒತ್ತಿದಳು. ಎಷ್ಟು ಹೊತ್ತು ಬೇಕಾಗಬಹುದು, ಕೂರಲೋ ನಿಲ್ಲಲೋ ಎಂದು ಅವನು ಯೋಚಿಸುತ್ತಿದ್ದಾಗಲೇ, "ಆಯ್ತು ಸರ್" ಎಂದಳು. ನಾಲ್ಕು ಸಾವಿರದ ಮುನ್ನೂರ ಹನ್ನೊಂದೂ ಖಾಲಿ. ಒಂದೊಂದನ್ನೂ ಹಾಕುವಾಗ ಬೆರಳು ಎರಡು ಸಲ ಏಳಬೇಕಿತ್ತು, ಬೀಳಬೇಕಿತ್ತು. ಮೇಡಂ ಬಿಳಿ ಹಾಳೆ ಕೊಟ್ಟು ನಡೆದದ್ದನ್ನು ಬರೆಸಿ ಸಹಿ ಹಾಕಿಸಿಕೊಂಡರು. ನಾಳೆಯಿಂದ ದಾಖಲೆ ನಿಮ್ಮ ಕೈಗೆ ಬರುವುದಿಲ್ಲ, ಏನು ಮಾಡಬೇಕೆಂದು ಆಮೇಲೆ ತಿಳಿಸುತ್ತೇವೆ, ಪೆಟ್ಟಿಗೆ ಇಲ್ಲೇ ಇರಲಿ ಎಂದರು. ಅವನು ಹೊದಿಕೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲ ಹೊರಗೆ ಚಪ್ಪಲಿ ಹುಡುಕಿದ. ವಿಭಾ ಹಿಂದೆಯೇ ಬಂದು, ಅವನು ಕೇಳಿದ್ದ, ಈಗ ತಂದೆಯ ಜಾಗ ಖಾಲಿ ಇದ್ದ ರಾಯಲ್ಪಾಡಿನ ಪಟ್ಟಿಯ ಒಂದು ಪ್ರತಿ ಕೊಟ್ಟಳು. ಅದು ಯಾಕೆ ಬೇಕು ಎಂದು ಅವಳು ವಿಚಾರಿಸಲಿಲ್ಲ.

ಶ್ರೀನಿವಾಸಪುರದಲ್ಲಿ ಇಳಿದು ರಾಯಲ್ಪಾಡಿನ ಬಸ್ಸು ಹತ್ತಿ ಊರು ಸೇರುವಾಗ ಹೊತ್ತು ಇಳಿಯುತ್ತಿತ್ತು, ಬೆಳಕು ಇನ್ನೂ ಇತ್ತು. ಶ್ರೀರಾಮಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ತಲೆ ಪೂರಾ ಬಿಳಿ. ಹೆಜ್ಜೆ ಸದ್ದಿಗೆ ಮುಖ ಎತ್ತಿ, ನೇರ ಇವನ ಕಡೆಗೇ ನೋಡಿ, "ಎವರದಿ?" ಎಂದ. ಗುರುತು ಸಿಕ್ಕಿರಲಿಲ್ಲ. ಐದು ಮಾರು ದೂರದಲ್ಲಿದ್ದ ಸುಬ್ಬರಾಯಪ್ಪ ಹೆಸರು ಹೇಳದೆ ಮುಂದೆ ನಡೆದ.

ಮುನಿಗಂಗಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಬಂದ ಕಾರಣ ಹೇಳಿದರೆ ಕೂತಲ್ಲಿಂದಲೇ ಗದ್ದ ಎತ್ತಿ ಸೂರು ತೋರಿಸಿದಳು. "ಅದಾ? ಅಲ್ಲವೆ ನೋಡಿ. ಶ್ರೀರಾಮಪ್ಪ ಸಿಕ್ಸಿದ್ದು. ಮುಟ್ಬೇಡ್ರಿ, ಆಫೀಸಿನೋರು ಬರ್ತಾರೆ ಅಂದಿದ್ದ. ಹಂಚು ಹಾಕ್ಸುವಾಗ್ಲೂ ತೆಗ್ದು ಮಡಗಿ ಮತ್ತೆ ಅಲ್ಲೇ ಸಿಕ್ಸಿವ್ನಿ. ಆಫೀಸಿನೋರು ಅಂದ್ರೆ ನೀವೇನಾ?"

"ಹೂಂ."

"ಶಾನೇ ತಡ ಮಾಡಿದ್ರಿ ಬಿಡಿ."

ಹೊಗೆ ಹಿಡಿದ ತೊಲೆಯ ಸಂದಿನಲ್ಲಿ ಬೆರಳು ಹಾಕಿದ. ಜೇಡರ ಬಲೆ, ಧೂಳು, ಆಮೇಲೆ ದಾರದ ಗಂಟು. ಕೆಂಪು ದಾರದ್ದು ಒಂದು, ಬಿಳಿಯದು ಎರಡು. ಪಂಚೆಯ ಅಂಚಿನಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ತಂದು ನೋಡಿದ. ಕೆಂಪು ದಾರದ್ದು ಇನ್ನೂರ ಹದಿನಾಲ್ಕು. ಬಿಳಿಯ ಒಂದು ಇನ್ನೂರ ಆರು. ಇನ್ನೊಂದರ ಮಸಿ ಹಾರಿಹೋಗಿತ್ತು, ಎಷ್ಟು ತಿರುಗಿಸಿದರೂ ಬರೀ ಪ್ಲಾಸ್ಟಿಕ್ಕು. ಎರಡನ್ನು ಪಟ್ಟಿಯಲ್ಲಿ ಬರೆದ, ಮೂರನೆಯದನ್ನು ಹಾಗೇ ಬಿಟ್ಟ. "ಕೆಂಪು ದಾರ ಈ ಕಂದು ಹಸೂದು, ಆ ಕಡಸಿನ ತಾಯಿದು" ಎಂದಳು ಮುನಿಗಂಗಮ್ಮ. "ಅಂಗಾರೆ ನೀವು ಹೇಳಿದ್ದ ಆ ಕರೀ ಹೋರಿ?"

"ಅದು ಸುಳ್ಳಮ್ಮ. ನಾನೇ ಹೇಳಿದ್ದು."

ಅವಳು ಕರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಹಸು ಕಾಲು ಎತ್ತಿದ್ದರಿಂದ ಅದನ್ನು ಗದರಿ, ಮತ್ತೆ ಕೆಚ್ಚಲಿಗೆ ಕೈ ಹಾಕಿದಳು.

ಹೊರಗೆ ಬಂದಾಗ ಕಾಲು ಬಸ್ಸಿನ ಕಡೆಗೆ ಹೋಗಲಿಲ್ಲ. ಮತ್ತೆ ಅದೇ ಜಗಲಿಯ ತುದಿಯಲ್ಲಿ, ಕೂರುವ ಜಾಗದಿಂದ ದೂರ, ಕಂಬದ ಹತ್ತಿರ ನಿಂತ. ಈ ಸಲ ಶ್ರೀರಾಮಪ್ಪ ಯಾರು ಎಂದು ಕೇಳಲಿಲ್ಲ. ಬಂದಿದ್ದಾನೆ ಎಂದು ಊರಲ್ಲಿ ಆಗಲೇ ಸುದ್ದಿ ಆಗಿರಬೇಕು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ, ಮುಖ ಬೀದಿಯ ಕಡೆಗೇ ಇತ್ತು. ಕ್ಷಮಿಸು ಎಂಬ ಮಾತನ್ನು ಸುಬ್ಬರಾಯಪ್ಪ ಬಸ್ಸಿನಲ್ಲಿ ಎಷ್ಟೋ ಸಲ ಕಟ್ಟಿದ್ದ. ಅವನ ನಾಲಿಗೆಯ ಮೇಲೆ ಅದು ಯಾರದೋ ಮನೆಯ ಚಪ್ಪಲಿಯ ಹಾಗೆ ಅಳತೆಗೆ ಕೂರುತ್ತಿರಲಿಲ್ಲ.

"ಗಂಗಮ್ಮನ ಮನೇಲಿ ಎಷ್ಟು ಸಿಕ್ತು?" ಎಂದ ಶ್ರೀರಾಮಪ್ಪ.

"ಮೂರು. ಒಂದು ಅಳ್ಸೋಗಿದೆ."

ಶ್ರೀರಾಮಪ್ಪ ಬೆರಳು ಮಡಿಸುತ್ತ ಏನನ್ನೋ ಲೆಕ್ಕ ಹಾಕಿದ.

"ನಾಲ್ಕು ಇರ್ಬೇಕು" ಎಂದ. "ಬಾಗಿಲ ಎಡಗಡೆ, ಮೇಲಿನ ತೊಲೆ. ಹೋಗಿ ನೋಡು."

ಸುಬ್ಬರಾಯಪ್ಪ ಬೆಳಕು ಇನ್ನೂ ಎಷ್ಟಿದೆ ಎಂದು ತಲೆ ಎತ್ತಿ ನೋಡಿ, ಬೀದಿ ದಾಟಿದ.